ಡಾಕ್ಟರ್ ಜನರಲ್ ಬಂದ ಆಷಾಢ

ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಮನೆಯ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ ಈ ವರ್ಷ ಒಂದು ಕೋಚಿಂಗ್ ಸೆಂಟರ್ ಶುರುವಾಗಿದೆ. ಸೈನ್ಯ, ಪೊಲೀಸ್, ರೈಲ್ವೆ ಎಲ್ಲ ಪರೀಕ್ಷೆಗೂ ಅಲ್ಲೇ ತಯಾರಿ. ಬೆಳಿಗ್ಗೆ ಏಳಕ್ಕೆಲ್ಲ ಹುಡುಗ ಹುಡುಗಿಯರು ಒಟ್ಟಿಗೆ ಬಾಯಿಪಾಠ ಹೇಳುವುದು ನಮ್ಮ ಅಡುಗೆಮನೆಯವರೆಗೂ ಕೇಳುತ್ತದೆ. ಹೋದ ವಾರ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದೆ. ಮೇಲಿನಿಂದ ರಾಗವಾಗಿ ಬಂತು: "ಭೂಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್, ನೌಕಾಸೇನೆಯಲ್ಲಿ ವೈಸ್ ಅಡ್ಮಿರಲ್, ವಾಯುಸೇನೆಯಲ್ಲಿ ಏರ್ ಮಾರ್ಷಲ್." ಇನ್ನೊಂದು ಸಲ. ಮತ್ತೊಂದು ಸಲ. ನಾನು ಒಲೆ ಆರಿಸಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ.

ನಿವೃತ್ತಿಯಾಗುವ ಮೊದಲು ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಹೆಸರು ಶಮೀಮ್. ಮನೆಮಾತು ದಖನಿ, ಕಲಿತದ್ದು ಕನ್ನಡ, ಕಲಿಸಿದ್ದು ಹಿಂದಿ. ಮೂವತ್ತು ವರ್ಷ "ಅನುವಾದ ಕೀಜಿಯೇ" ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ತಪ್ಪಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವಳು. ನನ್ನ ಕೆಲಸದ ಕೊನೆಯ ವರ್ಷದಲ್ಲಿ ನಾನು ಮಾಡಿದ ಒಂದು ಅನುವಾದದ ಬಗ್ಗೆ ಇಷ್ಟು ದಿನ ಹೊರಗಿನವರು ಯಾರಿಗೂ ಹೇಳಿರಲಿಲ್ಲ.

ಲೋಕೇಶ ನನ್ನ ವಿದ್ಯಾರ್ಥಿ. ನಮ್ಮ ಶಾಲೆಯ ಹಿಂದೆ ಎರಡು ಸಾಲು ದಾಟಿದರೆ ಕಾರ್ಖಾನೆಯ ಹಳೇ ಕ್ವಾರ್ಟರ್ಸ್. ಅಲ್ಲಿ ಅವನ ಮನೆ. ತಂದೆ ಮಹೇಶ್ವರಪ್ಪ ಕ್ರೇನ್ ಆಪರೇಟರ್ ಆಗಿ ನಿವೃತ್ತರಾದವರು. ಮೂವತ್ತೈದು ವರ್ಷ ಆ ಸದ್ದಿನಲ್ಲಿ ಕೂತು ಎರಡೂ ಕಿವಿ ಹೋಗಿದ್ದವು. ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳುತ್ತಿತ್ತು. ತಾಯಿ ಗಿರಿಜಮ್ಮ, ಹಣೆಗೆ ವಿಭೂತಿ ಇಡದೆ ಬಾಗಿಲಿಗೆ ಬಂದವರಲ್ಲ. ಲೋಕೇಶನಿಗೊಬ್ಬಳು ತಂಗಿ, ಸುಮಾ. ಅವಳೂ ನನ್ನ ಹತ್ತಿರವೇ ಓದಿದವಳು, ಅಣ್ಣನಿಗಿಂತ ಹಿಂದಿಯಲ್ಲಿ ಚುರುಕು. ಲೋಕೇಶನಿಗೆ ಸ್ತ್ರೀಲಿಂಗ, ಪುಲ್ಲಿಂಗ ಕೊನೆಯವರೆಗೂ ಹತ್ತಲಿಲ್ಲ. "ಮೇರಾ ಮಾಂ" ಎಂದೇ ಬರೆಯುತ್ತಿದ್ದ. "ತಾಯಿ ಗಂಡಸೇನೋ?" ಎಂದರೆ, "ನಮ್ಮಮ್ಮನ ಜೋರು ನೋಡಿದ್ರೆ ಹಂಗೇ ಮಿಸ್" ಎಂದು ಹಲ್ಲು ಬಿಡುತ್ತಿದ್ದ.

ಪಿಯುಸಿ ಮುಗಿಸಿ ಸೈನ್ಯ ಸೇರಿದ. ಬಂದೂಕಿನ ಕೆಲಸಕ್ಕಲ್ಲ, ವೈದ್ಯಕೀಯ ಶಾಖೆಗೆ, ನರ್ಸಿಂಗ್ ಅಸಿಸ್ಟೆಂಟ್ ಆಗಿ. ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಹಿಮದಲ್ಲಿ ಇರುವವರ ಉಸಿರಾಟ ನೋಡುವುದು ಅವನ ಕೆಲಸ. ಒಮ್ಮೆ ರಜೆಗೆ ಬಂದಾಗ ನಾನೇ ಶಾಲೆಗೆ ಕರೆಸಿ ಮಕ್ಕಳಿಗೆ ನಾಲ್ಕು ಮಾತು ಹೇಳಿಸಿದೆ. ಅವನು ಸೀಮೆಸುಣ್ಣ ಹಿಡಿದು ಬೋರ್ಡಿನ ತುಂಬ ಬರೆದ. ಕಾಲಾಳು ಪಡೆ, ಫಿರಂಗಿ ಪಡೆ, ಇಂಜಿನಿಯರುಗಳು, ಸಿಗ್ನಲ್‌ನವರು, ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ವೈದ್ಯಕೀಯ. ಒಂದೊಂದಕ್ಕೂ ಮೇಲೆ ಒಬ್ಬ ಮುಖ್ಯಸ್ಥರು. ಎಲ್ಲರೂ ಲೆಫ್ಟಿನೆಂಟ್ ಜನರಲ್.

"ಎಲ್ಲರ ಹೆಗಲ ಮೇಲೂ ಒಂದೇ ಗುರುತು. ಕತ್ತಿ, ದಂಡ ಅಡ್ಡಡ್ಡ, ಮೇಲೆ ಸಿಂಹದ ಲಾಂಛನ. ಅಷ್ಟು ಎತ್ತರಕ್ಕೆ ಹೋದ್ಮೇಲೆ ಬಟ್ಟೆ ನೋಡಿ ಇವರು ತೋಪಿನೋರಾ, ಡಾಕ್ಟ್ರಾ ಅಂತ ಹೇಳಕ್ಕಾಗಲ್ಲ. ಮೂರೂ ಸೇನೆಗೆ ಸೇರಿ ಒಬ್ಬ ದೊಡ್ಡ ಡಾಕ್ಟ್ರು ಇರ್ತಾರೆ. ಅವರು ಒಂದ್ಸಲ ಭೂಸೇನೆಯೋರಾದ್ರೆ ಲೆಫ್ಟಿನೆಂಟ್ ಜನರಲ್, ಇನ್ನೊಂದ್ಸಲ ನೌಕಾಸೇನೆಯೋರು ಬಂದ್ರೆ ವೈಸ್ ಅಡ್ಮಿರಲ್, ಬಿಳೀ ಬಟ್ಟೆ. ವಾಯುಸೇನೆಯೋರಾದ್ರೆ ಏರ್ ಮಾರ್ಷಲ್."

ಒಬ್ಬಳು ಹುಡುಗಿ ಎದ್ದು ಕೇಳಿದಳು: "ಅಣ್ಣಾ, ಡಾಕ್ಟ್ರು ಜನರಲ್ಲು ಯುದ್ಧ ಮಾಡ್ತಾರಾ?"

"ಅವರ ಕೆಲ್ಸ ನಮ್ಮನ್ನ ಸಾಯಕ್ಕೆ ಬಿಡ್ದೇ ಇರೋದು ಕಣಮ್ಮಾ."

ಮಕ್ಕಳು ನಕ್ಕರು. ಕಾರ್ಯಕ್ರಮಕ್ಕೆಂದು ಗಿರಿಜಮ್ಮ ಒಂದು ಡಬ್ಬಿ ಕೋಡುಬಳೆ ತಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಹೋಗುವಾಗ ನನ್ನ ಹತ್ತಿರ ಬಂದು, "ಡಾಕ್ಟ್ರಾಗಿ ಜನರಲ್ ಆಗೋದು ಒಳ್ಳೇದಲ್ವಾ ಟೀಚರ್? ಕೊಂದು ದೊಡ್ಡೋರಾಗಿದ್ದಲ್ಲ" ಎಂದರು.

ಅದಾದ ಎರಡನೇ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಸುಮಾಳ ಮದುವೆ ಗೊತ್ತಾಗಿತ್ತು. ಗಂಡಿನವರು ಹೊಳೆಹೊನ್ನೂರಿನವರು. ಲೋಕೇಶನಿಗೆ ರಜೆ ಮಂಜೂರಾಗಿತ್ತು. ಮದುವೆಗೆ ಹನ್ನೊಂದು ದಿನ ಇದೆ ಎನ್ನುವಾಗ ಫೋನ್ ಬಂತು.

ಉತ್ತರದ ಯಾವುದೋ ಹಿಮದ ಠಾಣೆ. ಅಷ್ಟು ಎತ್ತರದಲ್ಲಿ ಕೆಲವರಿಗೆ ಎದೆಯೊಳಗೆ ನೀರು ತುಂಬುತ್ತದಂತೆ. ಮೊದಲು ಕೆಮ್ಮು, ಆಮೇಲೆ ಉಬ್ಬಸ. ಕೆಳಕ್ಕೆ ಇಳಿಸುವುದೇ ಅದಕ್ಕೆ ಮುಖ್ಯ ಮದ್ದು. ಬೇರೆಯವರಲ್ಲಿ ಆ ಕೆಮ್ಮನ್ನು ಗುರುತಿಸಿ ಕೆಳಕ್ಕೆ ಕಳಿಸುತ್ತಿದ್ದ ಹುಡುಗನಿಗೇ ಅದು ಬಂದಿತ್ತು. ಒಂದು ಬೆಳಿಗ್ಗೆ ಕುಸಿದು ಬಿದ್ದ. ಹೊತ್ತುಕೊಂಡು ಇಳಿಸುವ ದಾರಿಯಲ್ಲೇ ಹೋದ. ಇಪ್ಪತ್ತಾರು ವರ್ಷ.

ಪೆಟ್ಟಿಗೆ ಬಂದ ದಿನ ಭದ್ರಾವತಿಯ ಅರ್ಧ ಊರು ಆ ಕ್ವಾರ್ಟರ್ಸಿನ ಬೀದಿಯಲ್ಲಿತ್ತು. ಬಾವುಟ ಹೊದಿಸಿದ ಟ್ರಕ್ಕು, ಹೂವು, ಗಾಳಿಯಲ್ಲಿ ಗುಂಡು. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಬೇಕಿತ್ತು. ದೇಹ ಮರಗಟ್ಟಿ ಹೋಗಿದ್ದರಿಂದ ಮಲಗಿಸಿಯೇ ಮಾಡಿದರು. ಗಿರಿಜಮ್ಮ ಅದೊಂದಕ್ಕೇ ಜಗಳ ತೆಗೆದರು, "ಮಲಗಿಸಬೇಡಿ, ಅವನಿಗೆ ಉಸಿರು ಕಟ್ಟುತ್ತೆ" ಎಂದು. 

ಆ ದಿನ ಶಿವಮೊಗ್ಗದಿಂದ ಒಬ್ಬರು ನಿವೃತ್ತ ಮೇಜರ್ ಜನರಲ್ ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕೋಟಿನ ಮೇಲೆ ಪದಕಗಳು. ಗಿರಿಜಮ್ಮನ ಮುಂದೆ ನಿಂತು ಕನ್ನಡದಲ್ಲೇ ಸಮಾಧಾನ ಹೇಳಿದರು. ಗಿರಿಜಮ್ಮ ನನ್ನ ಕಡೆ ತಿರುಗಿ, "ಇವರು ಡಾಕ್ಟ್ರಾ?" ಎಂದು ಕೇಳಿದರು.

"ಅಲ್ಲ ಗಿರಿಜಮ್ಮ, ಫಿರಂಗಿ ಪಡೆಯವರಂತೆ."

ಗಿರಿಜಮ್ಮ ಅವರಿಗೆ ಕೈ ಮುಗಿದರು. 

ಮಾರ್ಚಿನಲ್ಲಿ, ಹತ್ತನೇ ಕ್ಲಾಸಿನ ಪರೀಕ್ಷೆ ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ಗಿರಿಜಮ್ಮ ಸ್ಟಾಫ್ ರೂಮಿಗೆ ಬಂದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಸೀರೆ ಸಡಿಲವಾಗಿ ಜೋಲುವಷ್ಟು ಸೊರಗಿದ್ದರು.

"ಟೀಚರ್, ಹಿಂದೀಲಿ ಒಂದು ಅರ್ಜಿ ಬರ್ದು ಕೊಡ್ಬೇಕು."

ನಾನು ಪೆನ್ಷನ್ ವಿಷಯ ಎಂದುಕೊಂಡೆ. "ಯಾರಿಗೆ?"

"ಡಾಕ್ಟ್ರು ಜನರಲ್‌ಗೆ. ನನ್ನ ಮಗನ ಶಾಖೆಯೋರಿಗೆ. ಅವರನ್ನ ಒಂದು ಮಾತು ಕೇಳ್ಬೇಕು."

"ಏನ್ ಕೇಳ್ಬೇಕು ಅಂತ ಹೇಳಿ, ಅದನ್ನೇ ಬರೀತೀನಿ."

"ಕಾಗದದಲ್ಲಿ ಬೇಡ. ಅವರು ಬರ್ಲಿ, ಇಲ್ಲ ನಾನೇ ಹೋಗ್ತೀನಿ. ಎದುರಿಗೆ ಕೇಳೋ ಮಾತು ಅದು."

ಅಷ್ಟು ದೊಡ್ಡ ಅಧಿಕಾರಿ ಹೀಗೆಲ್ಲ ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಸುಮ್ಮನಾದೆ. ಜಿಲ್ಲೆಯಿಂದ ಬಂದು ಹೋದ ಅಧಿಕಾರಿಗಳೆಲ್ಲ ಒಳ್ಳೆಯವರೇ, ಆದರೆ ಅವರಿಗೆ ರೋಗ ಗೊತ್ತಿಲ್ಲ ಎನ್ನುವುದು ಗಿರಿಜಮ್ಮನ ವಾದ. ಸಿಪಾಯಿಯಿಂದ ಜನರಲ್‌ವರೆಗೆ ಯಾರನ್ನು ಕೇಳಿದರೂ ಧೈರ್ಯ, ತ್ಯಾಗ ಎನ್ನುತ್ತಾರೆ, ಡಾಕ್ಟರಾದವರು ಮಾತ್ರ ರೋಗದ ಮಾತಾಡುತ್ತಾರೆ ಎಂದರು. ಬಿಳಿ ಬಟ್ಟೆಯ ಅಡ್ಮಿರಲ್ ಬಂದರೂ ಆಗಬಹುದೇ ಎಂದು ನಾನು ಕೇಳಿದಾಗ, "ಯಾವ ಬಟ್ಟೆ ಆದ್ರೂ ಸರಿ, ನಾಡಿ ಹಿಡಿದ ಕೈ ಆಗಿರ್ಬೇಕು" ಎಂದರು.

ಒಂದು ಪುಟದ ಅರ್ಜಿ ಬರೆದೆ. ಹೆಸರು ಗೊತ್ತಿರಲಿಲ್ಲ, ಹುದ್ದೆಗೇ ಬರೆದೆ. ಗಿರಿಜಮ್ಮ ಕನ್ನಡದಲ್ಲಿ ಸಹಿ ಹಾಕಿದರು. ರಿಜಿಸ್ಟರ್ ಪೋಸ್ಟ್ ಮಾಡಿ ಮರೆತುಬಿಟ್ಟೆ, ನಿಜ ಹೇಳಬೇಕೆಂದರೆ.

ವೈಶಾಖದಲ್ಲಿ ಸುಮಾಳ ಮದುವೆ ಮನೆಯ ಮುಂದೆ ಒಂದು ಸಣ್ಣ ಚಪ್ಪರದಲ್ಲಿ ಮುಗಿಯಿತು. ವಾಲಗ ಇಲ್ಲ, ಬೀಗರ ಕಡೆ ಮೂವತ್ತು ಜನ. ತಾಳಿ ಕಟ್ಟುವಾಗ ಗಿರಿಜಮ್ಮ ಒಳಗೇ ಇದ್ದರು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ಅಕ್ಷತೆ ಹಾಕಲು ಬನ್ನಿ ಎಂದು ಕರೆಯಲು ಹೋದವರಿಗೆ, "ಕೈ ಒದ್ದೆ ಇದೆ" ಎಂದರಂತೆ. ಆಗ ನನಗೆ ಅದು ದುಃಖ ಎಂದು ಮಾತ್ರ ಅನ್ನಿಸಿತ್ತು.

ಜೂನ್ ಕೊನೆಗೆ ಉತ್ತರ ಬಂತು. ವೈದ್ಯಕೀಯ ಶಾಖೆಯ ಒಬ್ಬ ಲೆಫ್ಟಿನೆಂಟ್ ಜನರಲ್, ಆ ಶಾಖೆಯ ಹಿರಿಯರಲ್ಲೊಬ್ಬರು, ಮಾಜಿ ಸೈನಿಕರ ಚಿಕಿತ್ಸೆಗೆ ಸಂಬಂಧಿಸಿದ ಕೆಲಸಕ್ಕೆ ಶಿವಮೊಗ್ಗಕ್ಕೆ ಬರುವವರಿದ್ದಾರೆ. ಅರ್ಜಿದಾರರನ್ನು ಮನೆಗೇ ಬಂದು ಕಾಣುತ್ತಾರೆ. ಕನ್ನಡ, ಹಿಂದಿ ಎರಡೂ ಬಲ್ಲ ಒಬ್ಬರು ಇರಲಿ.

ಆ ಒಬ್ಬರು ನಾನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹೇಳಿದ್ದರೂ ನನಗೆ ಹೆಮ್ಮೆಯೇ ಆಗುತ್ತಿತ್ತು.

ಆಷಾಢದ ಗಾಳಿ ಆ ವರ್ಷ ವಿಪರೀತ. ಮಳೆ ಕಡಿಮೆ, ಗಾಳಿ ಜಾಸ್ತಿ. ಹೊಸ ಸೊಸೆ ಅತ್ತೆಯ ಜೊತೆ ಇರಬಾರದೆಂದು ಸುಮಾ ಆಷಾಢಕ್ಕೆ ತವರಿಗೆ ಬಂದಿದ್ದಳು. ಜನರಲ್ ಬರುವ ಹಿಂದಿನ ದಿನ ಬೀದಿಗೆ ಬ್ಲೀಚಿಂಗ್ ಪೌಡರ್ ಬಿತ್ತು, ಎಷ್ಟೋ ವರ್ಷದಿಂದ ಮುಚ್ಚದ ಚರಂಡಿಗೆ ಕಲ್ಲು ಬಿತ್ತು. ಸಂಜೆ ಗಿರಿಜಮ್ಮ ನಮ್ಮ ಮನೆಗೆ ಬಂದು ತಮ್ಮ ಪ್ರಶ್ನೆಯನ್ನು ಹೇಳಿದರು. ನಾನು ಅದನ್ನು ಹಿಂದಿಯಲ್ಲಿ ಹೇಳಿ ತೋರಿಸಬೇಕೆಂದರು.

"ನನ್ ಮಗ ಒಂದು ದಿನ ಮುಂಚೆ ಹೇಳಿದ್ರೆ ಉಳೀತಿದ್ನಾ? ಇಷ್ಟೇ."

"ಇಷ್ಟೇನಾ?"

"ಇಷ್ಟೇ. ಮತ್ತೆ ಅವರು ಏನ್ ಹೇಳ್ತಾರೋ ಅದನ್ನ ಹಂಗೇ ಹೇಳ್ಬೇಕು ಟೀಚರ್. ನಂಗೆ ಸಮಾಧಾನ ಹೇಳೋರು ಬೇಕಾದಷ್ಟು ಜನ ಇದ್ದಾರೆ."

"ಹಂಗೇ ಹೇಳ್ತೀನಿ" ಎಂದೆ.

ಹನ್ನೊಂದು ಗಂಟೆಗೆ ಕಾರುಗಳು ಬಂದವು. ಗಿಡ್ಡ ಆಳು, ಕನ್ನಡಕ, ಕಿವಿಯ ಹತ್ತಿರ ನರೆತ ಕೂದಲು. ಹೆಗಲ ಮೇಲೆ ಲೋಕೇಶ ಬೋರ್ಡಿನಲ್ಲಿ ಬರೆದಿದ್ದ ಅದೇ ಕತ್ತಿ, ದಂಡ, ಸಿಂಹ. ಬಾಗಿಲಲ್ಲಿ ಬೂಟು ಬಿಚ್ಚಿದರು. ಜೊತೆಗೆ ಬಂದ ಅಧಿಕಾರಿಗಳನ್ನೆಲ್ಲ ಹೊರಗೇ ನಿಲ್ಲಲು ಹೇಳಿ ಒಬ್ಬರೇ ಒಳಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಒಳಗೆ ನಾವು ಐದೇ ಜನ: ಅವರು, ನಾನು, ಗಿರಿಜಮ್ಮ, ಮಹೇಶ್ವರಪ್ಪ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಸುಮಾ. ಮಹೇಶ್ವರಪ್ಪ ನಮಸ್ಕಾರ ಮಾಡಿದಾಗ ಜನರಲ್ ಅವರ ಕೈ ಹಿಡಿದುಕೊಂಡರು, ಬಿಡಲಿಲ್ಲ. ಅವರ ಬೆರಳು ತಾನೇ ತಾನಾಗಿ ಮಣಿಕಟ್ಟಿನ ನಾಡಿಯ ಮೇಲೆ ಹೋಗಿ ಕೂತದ್ದನ್ನು ಗಿರಿಜಮ್ಮ ನೋಡಿದರು. ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಇವರೇ, ಎನ್ನುವ ಹಾಗೆ.

ಲೋಕೇಶನ ಕಾಗದಪತ್ರವನ್ನೆಲ್ಲ ಓದಿಕೊಂಡೇ ಬಂದಿದ್ದೇನೆ, ತಾಯಿ ಏನು ಬೇಕಾದರೂ ಕೇಳಬಹುದು ಎಂದರು ಜನರಲ್. ಉತ್ತರದ ಗುಡ್ಡಗಾಡಿನ ಕಡೆಯ ಹಿಂದಿ, ನಿಧಾನ. ಗಿರಿಜಮ್ಮ ಕೇಳಿದರು. ನಾನು ಅನುವಾದಿಸತೊಡಗಿದೆ. ಅಷ್ಟರಲ್ಲಿ, ನಾನು ಮಾತು ಮುಗಿಸುವ ಮೊದಲೇ, ಹಿಂದಿನ ದಿನ ಹೇಳದೇ ಇದ್ದ ಇನ್ನೊಂದು ಮಾತು ಅವರ ಬಾಯಿಂದ ಬಂತು.

"ಹೇಳ್ಬೇಡ ಅಂದೋಳು ನಾನೇ ಸ್ವಾಮಿ. ಸಾಯೋ ಎರಡು ದಿನ ಮುಂಚೆ ಫೋನ್ ಮಾಡಿದ್ದ. ಅಮ್ಮ, ಕೆಮ್ಮು, ಉಬ್ಬಸ, ಹೇಳಿದ್ರೆ ಕೆಳಗೆ ಕರ್ಕೊಂಡೋಗಿ ಆಸ್ಪತ್ರೇಲಿ ಮಲಗಿಸ್ತಾರೆ, ರಜೆ ಹೋಗುತ್ತೆ, ಮದ್ವೆಗೆ ಬರಕ್ಕಾಗಲ್ಲ ಅಂದ. ಹಂಗಾದ್ರೆ ಹೇಳ್ಬೇಡ ಮಗಾ, ನಾಲ್ಕು ದಿನ ತಡ್ಕೊ, ಮನೆಗೆ ಬಾ, ನಾನು ಕಷಾಯ ಮಾಡ್ಕೊಡ್ತೀನಿ ಅಂದೆ. ಅವನಿಗೆ ಗೊತ್ತಿತ್ತು, ನಂಗೆ ಗೊತ್ತಿರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಸುಮಾ ಚೌಕಟ್ಟು ಹಿಡಿದುಕೊಂಡಳು. ಅವಳಿಗೂ ಅದು ಮೊದಲ ಸಲ ಕೇಳಿದ್ದು. ಮಹೇಶ್ವರಪ್ಪ ಒಬ್ಬೊಬ್ಬರ ತುಟಿ ನೋಡುತ್ತಿದ್ದರು, ಏನೂ ಕೇಳಿಸಿರಲಿಲ್ಲ.

ಅದನ್ನೂ ನಾನು ಹಿಂದಿಯಲ್ಲಿ ಹೇಳಿದೆ, ಒಂದು ಶಬ್ದ ಬಿಡದೆ. ಜನರಲ್ ಸ್ವಲ್ಪ ಹೊತ್ತು ನೆಲ ನೋಡಿದರು. ನಂತರ ನನ್ನನ್ನು ಕೇಳಿದರು: "ಇವರಿಗೆ ನಿಜ ಬೇಕಾ, ಸಮಾಧಾನ ಬೇಕಾ? ಕೇಳಿ ಟೀಚರ್ ಜೀ."

ನಾನು ಕೇಳಲಿಲ್ಲ. ಹಿಂದಿನ ದಿನವೇ ಹೇಳಿದ್ದರಲ್ಲ ಎಂಬ ಧೈರ್ಯದಲ್ಲಿ, "ನಿಜವೇ ಬೇಕಂತೆ" ಎಂದು ನಾನೇ ಉತ್ತರಿಸಿಬಿಟ್ಟೆ.

ಅವರು ಹೇಳಿದರು: "ಏಕ್ ದಿನ್ ಪಹಲೇ ಬತಾ ದೇತಾ, ತೋ ಬಚ್ ಜಾತಾ." ಒಂದು ದಿನ ಮುಂಚೆ ಹೇಳಿದ್ದರೆ ಬದುಕುತ್ತಿದ್ದ.

ಆಮೇಲೆ ನಿಲ್ಲಿಸದೆ ಮುಂದುವರಿಸಿದರು. ಕನ್ನಡಕ ತೆಗೆದು, ಗಿರಿಜಮ್ಮನನ್ನೇ ನೋಡುತ್ತಾ. ಅವನಿಗೆ ಆ ರೋಗ ಗೊತ್ತಿತ್ತು, ಗುರುತು ಹಿಡಿಯಲು ನಾವೇ ಕಲಿಸಿದ್ದೆವು. ಬೇರೆ ಯಾರಾದರೂ ಹಾಗೆ ಮುಚ್ಚಿಟ್ಟಿದ್ದರೆ ಅವನೇ ಗದರಿಸಿ ಕೆಳಗಿಳಿಸುತ್ತಿದ್ದ. ತಾಯಿ ಸಾವಿರ ಮೈಲಿ ದೂರದಿಂದ ಹೇಳಿದ್ದರಿಂದ ಅಲ್ಲ, ತಂಗಿಯ ಮದುವೆ ನೋಡಬೇಕೆಂದು ಅವನೇ ತೀರ್ಮಾನ ಮಾಡಿದ. ನೀವು ಹೇಳು ಎಂದಿದ್ದರೂ ಅವನು ಹೇಳುತ್ತಿರಲಿಲ್ಲ. ನಾನೂ ಆ ವಯಸ್ಸಿನಲ್ಲಿ ರಜೆಗಾಗಿ ಜ್ವರ ಮುಚ್ಚಿಟ್ಟವನು, ನನ್ನ ಪುಣ್ಯಕ್ಕೆ ಅದು ಬರೀ ಜ್ವರ. ಒಬ್ಬ ಡಾಕ್ಟರ್ ಆಗಿ ಹೇಳುತ್ತೇನೆ ಮಾತಾಜಿ, ಇದು ನಿಮ್ಮ ತಪ್ಪಲ್ಲ.

ಇಷ್ಟನ್ನು ಅವರು ಹೇಳಿ ಮುಗಿಸಿದಾಗ ನಾನು ಗಿರಿಜಮ್ಮನ ಕಡೆ ತಿರುಗಿದೆ. ಅವರು ಮಡಿಲಲ್ಲಿ ಎರಡೂ ಕೈ ಮೇಲ್ಮುಖವಾಗಿ ಇಟ್ಟುಕೊಂಡಿದ್ದರು, ಯಾರೋ ಏನೋ ಹಾಕುತ್ತಾರೆ ಎನ್ನುವ ಹಾಗೆ. ಆ ಕೈಗೆ ಮೊದಲ ವಾಕ್ಯ ಹಾಕಲು ನನ್ನಿಂದ ಆಗಲಿಲ್ಲ.

"ಯಾವಾಗ ಹೇಳಿದ್ರೂ ಉಳೀತಿರ್ಲಿಲ್ಲ ಅಂತೆ ಗಿರಿಜಮ್ಮ" ಎಂದೆ.

ಆ ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದನ್ನು ಹೇಳುವ ದಾರಿ ಮುಚ್ಚಿಹೋಯಿತು. ಉಳಿಯುತ್ತಲೇ ಇರಲಿಲ್ಲ ಎಂದ ಮೇಲೆ ತೀರ್ಮಾನ ಮಾಡಿದ್ದು ಅವನೇ, ತಪ್ಪು ನಿಮ್ಮದಲ್ಲ ಎಂದು ಯಾಕೆ ಹೇಳಬೇಕು? ನಾನು ತಡವರಿಸಿ, "ಧೈರ್ಯ ತಗೊಳ್ಳಿ, ದೇವರ ಇಚ್ಛೆ ಅಂತಿದ್ದಾರೆ" ಎಂದು ಸೇರಿಸಿದೆ.

"ಏನಂದ್ರು? ಏನಂದ್ರು ಟೀಚರಮ್ಮ?" ಮಹೇಶ್ವರಪ್ಪ ನನ್ನ ಕಡೆ ಬಗ್ಗಿದರು.

ಅವರ ಕಿವಿಯ ಹತ್ತಿರ ಹೋಗಿ ಕೂಗಿದೆ: "ಮುಂಚೆ ಹೇಳಿದ್ರೂ ಉಳೀತಿರ್ಲಿಲ್ಲ ಅಂತೆ!"

"ಆಂ?"

"ಏನ್ ಮಾಡಿದ್ರೂ ಉಳೀತಿರ್ಲಿಲ್ಲ ಅಂತೆ!"

ಬೀದಿಯಲ್ಲಿ ನಿಂತವರಿಗೂ ಕೇಳಿತು. ಹೊರಗೆ ಹೆಂಗಸರು ಅಯ್ಯೋ ಎಂದರು. ಕನ್ನಡ ಬಾರದ ಜನರಲ್, ತಾವು ಹೇಳಿದ್ದನ್ನೇ ನಾನು ಆ ಕಿವುಡ ತಂದೆಗೆ ಕೂಗಿ ಹೇಳುತ್ತಿದ್ದೇನೆ ಎಂದುಕೊಂಡು ನನ್ನನ್ನು ಮರ್ಯಾದೆಯಿಂದ ನೋಡಿದರು. ಗಿರಿಜಮ್ಮ ಅತ್ತರು. ಜನವರಿಯಿಂದ ಅಳದೇ ಇದ್ದವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಎದ್ದು ಜನರಲ್ ಕಾಲು ಮುಟ್ಟಲು ಬಗ್ಗಿದರು. ಅವರು ತಡೆದು, ಲೋಕೇಶನ ಫೋಟೋಗೆ ಸೆಲ್ಯೂಟ್ ಹೊಡೆದರು. ಹೊರಡುವಾಗ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ನನಗೆ ಹೇಳಿದರು: "ಕಷ್ಟದ ಕೆಲಸ ಮಾಡಿದಿರಿ ಟೀಚರ್ ಜೀ. ಎಲ್ಲರಿಗೂ ಆಗುವುದಿಲ್ಲ."

ಕಾರುಗಳು ಹೋದ ಮೇಲೆ ಸುಮಾ ನನ್ನ ಹಿಂದೆಯೇ ಗೇಟಿನವರೆಗೆ ಬಂದಳು. ಅವಳಿಗೆ ಹಿಂದಿ ಬರುತ್ತದೆ ಎನ್ನುವುದು ನನಗೆ ಆಗಲೇ ನೆನಪಾದದ್ದು.

"ಹಂಗೇ ಇರ್ಲಿ ಮಿಸ್" ಎಂದಳು. ಕಣ್ಣು ಕೆಂಪಾಗಿತ್ತು. "ಅಮ್ಮಂಗೆ ಹೇಳ್ಬೇಡಿ. ನಾನೂ ಹೇಳಲ್ಲ."

"ಆದ್ರೆ ಆಮೇಲೆ ಅವರು ಹೇಳಿದ್ದು..."

"ಬೇಡ ಮಿಸ್. ನನ್ ಮದ್ವೆಗೆ ಅಂತ ಸತ್ತ ಅನ್ನೋದನ್ನ ಆ ಮನೇಲಿ ಯಾರೂ ಇನ್ನೊಂದ್ಸಲ ಹೇಳೋದು ಬೇಡ."

ಅಲ್ಲಿಗೆ ನಾವಿಬ್ಬರೂ ಒಂದಾದೆವು.

ಮುಂದಿನ ತಿಂಗಳುಗಳಲ್ಲಿ ಗಿರಿಜಮ್ಮ ಚೇತರಿಸಿಕೊಂಡರು. ಊಟ ಮಾಡತೊಡಗಿದರು. ಶ್ರಾವಣ ಸೋಮವಾರ ಗುಡಿಗೆ ಹೋದರು. ಸಂತೆಯಲ್ಲಿ ಸಿಕ್ಕಿದವರಿಗೆಲ್ಲ, "ಡಾಕ್ಟ್ರು ಜನರಲ್ಲೇ ಹೇಳಿದ್ರು, ಏನ್ ಮಾಡಿದ್ರೂ ಉಳೀತಿರ್ಲಿಲ್ವಂತೆ" ಎನ್ನುತ್ತಿದ್ದರು. ಕೇಳಿದಾಗಲೆಲ್ಲ ನನಗೆ ಒಳಗೆ ಚುಚ್ಚುತ್ತಿತ್ತು, ಜೊತೆಗೇ ಸಮಾಧಾನವೂ ಆಗುತ್ತಿತ್ತು. ಒಂದು ಸುಳ್ಳಿನಿಂದ ಒಂದು ಜೀವ ಉಳಿಯಿತು ಎಂದುಕೊಂಡೆ. ನಮ್ಮ ಮನೆಯಲ್ಲಿ ನನ್ನ ಗಂಡನಿಗೂ ಹೇಳಲಿಲ್ಲ. ದೀಪಾವಳಿಯ ನಂತರ ಗಿರಿಜಮ್ಮ ಆ ಮಾತು ಹೇಳುವುದನ್ನು ನಿಲ್ಲಿಸಿದರು. ನಾನು ಗಮನಿಸಲಿಲ್ಲ.

ಜನವರಿಯಲ್ಲಿ ವರ್ಷದ ಪುಣ್ಯಸ್ಮರಣೆ. ಮಧ್ಯಾಹ್ನದ ಊಟ ಮುಗಿದು ನೆಂಟರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಗಿರಿಜಮ್ಮ ನನ್ನನ್ನು ಹಿತ್ತಲಿಗೆ ಕರೆದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಾವು ಕೂತು, ನನಗೊಂದು ಸ್ಟೂಲ್ ಹಾಕಿದ್ದರು. ಮೊದಲೇ ಹಾಕಿಟ್ಟಿದ್ದರು ಎಂದು ಕಾಣುತ್ತದೆ.

"ಟೀಚರ್, ಅವತ್ತು ಅವರು ಮೊದಲ್ನೇ ಮಾತಲ್ಲಿ ನಹೀ ಅನ್ಲಿಲ್ಲ."

"ಯಾರು?"

"ನಹೀ ಅಂದ್ರೆ ಇಲ್ಲ ಅಂತ ನಂಗೂ ಗೊತ್ತು. ಉಳೀತಿರ್ಲಿಲ್ಲ ಅನ್ನೋಕೆ ನಹೀ ಅನ್ಬೇಕಲ್ವಾ? ಅವರು ದಿನ್ ಅಂದ್ರು. ಬಚ್ ಅಂದ್ರು. ಮೊನ್ನೆ ಶಿವಮೊಗ್ಗದ ಬಸ್ಸಲ್ಲಿ ಬರ್ತಿದ್ದೆ, ಎದುರಿಂದ ಬಂದ ಲಾರಿ ಒಂದು ಗೇಣಲ್ಲಿ ತಪ್ತು. ಪಕ್ಕದಲ್ಲಿದ್ದ ನಿಮ್ಮ ಪೈಕಿ ಹೆಂಗಸು ಎದೆ ಮುಟ್ಕೊಂಡು ಬಚ್ ಗಯೇ ಅಂದ್ಳು. ಡ್ರೈವರ್ರು ಬಚಾವ್ ಅಂದ. ಅಲ್ಲೀತನಕ ಆ ಶಬ್ದ ನನ್ ತಲೇಲಿ ಸುಮ್ನೆ ಇತ್ತು."

ಗಿರಿಜಮ್ಮ ಎರಡು ಬೆರಳು ಮಡಿಸಿದರು.

"ದಿನ, ಬಚಾವ್. ಇಷ್ಟು ತಿಳ್ಯಕ್ಕೆ ಹಿಂದಿ ಕಲೀಬೇಕಾ ಟೀಚರ್?"

ಮೂವತ್ತು ವರ್ಷ ಭಾಷೆ ಕಲಿಸಿದವಳು ನಾನು. ಆ ಎರಡು ಶಬ್ದ ಗಡಿ ದಾಟಿ ಅವರವರೆಗೆ ಬರುತ್ತವೆ ಎಂದು ನನಗೆ ಹೊಳೆದಿರಲಿಲ್ಲ. "ತಪ್ಪಾಯ್ತು ಗಿರಿಜಮ್ಮ" ಎಂದೆ. "ನಿಮ್ಮ ಮುಖ ನೋಡಿ ಹೇಳಕ್ಕಾಗ್ಲಿಲ್ಲ."

"ಆಮೇಲೆ ಅಷ್ಟುದ್ದ ಮಾತಾಡಿದ್ರು. ಕನ್ನಡಕ ತೆಗ್ದು ಮಾತಾಡಿದ್ರು. ನೀವು ಎರಡೇ ಮಾತು ಹೇಳಿದ್ರಿ. ಅವರ ಆ ಮಾತಲ್ಲಿ ನಹೀ ಇತ್ತು, ನಾನು ಕೇಳಿಸ್ಕೊಂಡಿದ್ದೀನಿ. ಏನದು?"

ಎಲ್ಲವನ್ನೂ ಹೇಳಿದೆ. ಒಂದೊಂದು ವಾಕ್ಯವೂ ನನಗೆ ನೆನಪಿತ್ತು. ರೋಗ ಅವನಿಗೆ ಗೊತ್ತಿತ್ತು ಎಂದದ್ದು, ನೀವು ಹೇಳು ಎಂದಿದ್ದರೂ ಅವನು ಹೇಳುತ್ತಿರಲಿಲ್ಲ ಎಂದದ್ದು, ತಾವೂ ಜ್ವರ ಮುಚ್ಚಿಟ್ಟದ್ದು, ಡಾಕ್ಟರ್ ಆಗಿ ಹೇಳುತ್ತೇನೆ ಇದು ನಿಮ್ಮ ತಪ್ಪಲ್ಲ ಎಂದದ್ದು. ಹೇಳುತ್ತಾ ನಾನೇ ಅತ್ತುಬಿಟ್ಟೆ. ಗಿರಿಜಮ್ಮ ಅಳಲಿಲ್ಲ. ಮುಗಿಯುವವರೆಗೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಇದು ಅವರು ಹೇಳಿದ್ದಾ, ನೀವು ಹೇಳ್ತಿರೋದಾ?"

"ಅವರೇ ಹೇಳಿದ್ದು ಗಿರಿಜಮ್ಮ. ಅಲ್ಲಾಹ್ ಮೇಲಾಣೆ."

"ಅವತ್ತೂ ಹಿಂಗೇ ಹೇಳಿದ್ರಿ. ಕೂಗಿ ಹೇಳಿದ್ರಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಈಗ ನಾನು ಹೆಂಗೆ ನಂಬ್ಲಿ ಟೀಚರ್? ನನ್ ಸಮಾಧಾನಕ್ಕೆ ಅಂತ ಇದನ್ನೂ ಕಟ್ಟಿ ಹೇಳ್ತಿದ್ದೀರಿ ಅಂತ್ಲೇ ಅನ್ಸುತ್ತೆ."

"ಸುಮಾನ ಕೇಳಿ. ಅವಳೂ ಅಲ್ಲೇ ಇದ್ಳು, ಅವಳಿಗೂ ಹಿಂದಿ ಬರುತ್ತೆ."

ಹೇಳಿದ ಮೇಲೆ ನನಗೆ ಗೊತ್ತಾಯಿತು, ಎಂಥ ಮಾತು ಬಾಯಿಂದ ಬಿತ್ತು ಎಂದು.  ಒಳಗೆ ಸುಮಾ ನೆಂಟರಿಗೆ ಮಜ್ಜಿಗೆ ಕೊಡುತ್ತಿದ್ದ ದನಿ ಕೇಳುತ್ತಿತ್ತು. ಅವಳು ಆಗ ಏಳು ತಿಂಗಳ ಬಸುರಿ.

"ಅವಳೂ ಗೊತ್ತಿದ್ದೇ ಸುಮ್ನಿದ್ಳು" ಎಂದರು ಗಿರಿಜಮ್ಮ, ಪ್ರಶ್ನೆಯ ಹಾಗಲ್ಲ. ಎದ್ದು ಒಳಗೆ ಹೋದರು.

ನಾನು ಆ ವಾರವೇ ಜನರಲ್‌ಗೆ ಪತ್ರ ಬರೆದೆ. ನಾನು ಮಾಡಿದ್ದನ್ನೆಲ್ಲ ಬರೆದು, ತಾವೇ ಕೈಯಾರೆ ಆ ತಾಯಿಗೆ ನಾಲ್ಕು ಸಾಲು ಬರೆಯಬೇಕೆಂದು ಬೇಡಿಕೊಂಡೆ. ಅವರು ನಿವೃತ್ತರಾಗಿದ್ದರು. ಆ ಹುದ್ದೆಗೆ ಬೇರೆಯವರು ಬಂದಿದ್ದರು. ಕಾಗದ ಕಚೇರಿಯಿಂದ ಕಚೇರಿಗೆ ತಿರುಗಿ ಕಡೆಗೂ ಅವರ ಊರಿಗೆ ತಲುಪಿತಂತೆ. ಬೇಸಿಗೆಯಲ್ಲಿ ನನ್ನ ವಿಳಾಸಕ್ಕೆ ಉತ್ತರ ಬಂತು. ದೊಡ್ಡ ಕವರಿನೊಳಗೆ ನನಗೊಂದು ಚೀಟಿ, ಒಂದೇ ಸಾಲು: ತಾಯಿಗೆ ತಲುಪಿಸಿ. ಜೊತೆಗೆ ಅಂಟಿಸಿದ ಇನ್ನೊಂದು ಕವರು, ಮೇಲೆ ಗಿರಿಜಮ್ಮನ ಹೆಸರು. ನನ್ನ ಬಗ್ಗೆ ಒಂದು ಶಬ್ದವೂ ಇರಲಿಲ್ಲ.

ಕವರು ಹಿಡಿದು ಹೋದೆ. ಗಿರಿಜಮ್ಮ ಬಾಗಿಲಲ್ಲೇ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ತಿರುಗಿಸಿ ನೋಡಿದರು. ಹೆಸರು ಹಿಂದಿಯಲ್ಲಿತ್ತು.

"ಒಳಗೂ ಹಿಂದೀಲೇ ಇರುತ್ತಾ?"

"ಇರಬಹುದು."

"ಇದನ್ನ ಓದಿ ಹೇಳೋರು ಯಾರು ಟೀಚರ್?"

 ಅವರು ಕವರನ್ನು ಎದೆಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೆಲ್ಲಗೆ, ಸದ್ದಾಗದ ಹಾಗೆ.

ಅದೇ ವರ್ಷ ನಾನು ನಿವೃತ್ತಳಾಗಿ ಶಿವಮೊಗ್ಗಕ್ಕೆ ಬಂದೆ. ಸುಮಾ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ. ಮಗುವಿನ ವಿಷಯ, ಅಪ್ಪನ ಆರೋಗ್ಯ. ತಾಯಿ ಅವಳ ಮನೆಗೆ ಇನ್ನೂ ಬಂದಿಲ್ಲ. ಮಗು ಹುಟ್ಟಿದಾಗ ಆಸ್ಪತ್ರೆಗೆ ಬಂದು ನೋಡಿ ಹೋದದ್ದಷ್ಟೇ. ಹೋದ ತಿಂಗಳು ಕೇಳಿದೆ, ಆ ಕಾಗದ ಏನಾಯಿತು, ಯಾರ ಕೈಲಾದರೂ ಓದಿಸಿದರಾ ಎಂದು. ಊರಲ್ಲಿ ಹಿಂದಿ ಬಲ್ಲವರು ಎಷ್ಟು ಜನ ಇಲ್ಲ?

"ಅಣ್ಣನ ಟ್ರಂಕಲ್ಲಿದೆ ಮಿಸ್" ಎಂದಳು. "ಅಂಟು ಬಿಚ್ಚಿಲ್ಲ."